ತೂಕ ಇಳಿದ ಮೇಲೆ ಏಳುವ ಹಸಿವು

ಹಸಿವನ್ನು ಅಳೆಯುವುದು ಕಷ್ಟ. ಎಷ್ಟು ಹಸಿವಾಗಿದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ತಿಂದದ್ದನ್ನೆಲ್ಲ ಬರೆದಿಡಿ ಎಂದರೆ ಸಂಜೆ ನಿಂತಲ್ಲೇ ತಿಂದ ಬೋಂಡಾ ಪಟ್ಟಿಗೆ ಬರುವುದೇ ಇಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಜೊತೆಗಾರರು 2016ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಮಧುಮೇಹಕ್ಕೆ ಕೊಡುವ ಕೆನಗ್ಲಿಫ್ಲೋಜಿನ್ ಎಂಬ ಮಾತ್ರೆ ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ದಿನಕ್ಕೆ ಸುಮಾರು 90 ಗ್ರಾಂ, ಅಂದರೆ 360 ಕ್ಯಾಲರಿ ಹೀಗೆ ಸೋರಿಹೋಗುತ್ತದೆ. ಹೋಗುತ್ತಿರುವುದು ಮಾತ್ರೆ ನುಂಗಿದವರ ಅರಿವಿಗೆ ಬರುವುದಿಲ್ಲ. ಅವರು ಪಥ್ಯ ಮಾಡುತ್ತಿರಲಿಲ್ಲ, ಯಾವುದನ್ನೂ ಬಿಟ್ಟಿರಲಿಲ್ಲ. ಆದರೂ ಕೆಲವು ತಿಂಗಳು ತೂಕ ಇಳಿಯಿತು, ಆಮೇಲೆ ನಿಂತುಹೋಯಿತು. ಸಕ್ಕರೆ ಮಾತ್ರ ಮೊದಲಿನ ಹಾಗೆಯೇ ಸೋರುತ್ತಿತ್ತು. ಹಾಗಾದರೆ ತೂಕ ನಿಂತದ್ದು ಏಕೆ? ಅವರು ತಮಗೇ ತಿಳಿಯದಂತೆ ಹೆಚ್ಚು ಉಣ್ಣತೊಡಗಿದ್ದರು. ತೂಕದ ಏರಿಳಿತದಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಸಿಕ್ಕ ಉತ್ತರ ಇದು: ಇಳಿದ ಒಂದೊಂದು ಕೆ.ಜಿ.ಗೂ ಊಟ ದಿನಕ್ಕೆ ಸುಮಾರು 100 ಕ್ಯಾಲರಿಯಷ್ಟು ಏರಿತ್ತು. ದೇಹ ತನ್ನ ಖರ್ಚಿನಲ್ಲಿ ಮಾಡಿಕೊಂಡ ಉಳಿತಾಯ ಇದರ ಮೂರನೇ ಒಂದು ಭಾಗದಷ್ಟೂ ಇರಲಿಲ್ಲ.

ಇದೇ ಲೆಕ್ಕವನ್ನು ಮುಂದುವರಿಸಿ ನೋಡಿ. ಎಂಟು ಕೆ.ಜಿ. ಇಳಿಸಿದ ಹೆಂಗಸೊಬ್ಬರ ದೇಹಕ್ಕೆ ಈಗ ಮೊದಲಿಗಿಂತ 200 ಕ್ಯಾಲರಿಯಷ್ಟು ಕಡಿಮೆ ಸಾಕು. ಹೊಟ್ಟೆ ಮಾತ್ರ ಮೊದಲಿಗಿಂತ 800 ಕ್ಯಾಲರಿ ಹೆಚ್ಚು ಕೇಳುತ್ತಿದೆ. ದಿನಾ ಸಾವಿರ ಕ್ಯಾಲರಿಯ ಎಳೆದಾಟ. ಅವರು ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಇದರ ಜೊತೆ ಗುದ್ದಾಡಿ ಆರು ತಿಂಗಳು ಕಳೆಯುತ್ತಾರೆ. ಏಳನೆಯ ತಿಂಗಳು ಎರಡು ಕೆ.ಜಿ. ಮರಳಿ ಬಂದಾಗ ಮನೆಯವರೇ, ನೆಂಟರೇ, ಕೆಲವೊಮ್ಮೆ ವೈದ್ಯರೇ ಹೇಳುವ ಮಾತು ನಮಗೆಲ್ಲ ಗೊತ್ತು: "ಬಾಯಿ ಕಟ್ಟೋಕಾಗಲ್ಲ ಅಂದ್ಮೇಲೆ ಡಯಟ್ ಯಾಕಮ್ಮಾ ಬೇಕಿತ್ತು?" ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆರು ತಿಂಗಳು ಅಷ್ಟು ಹಸಿವನ್ನು ತಡೆದವರ ಮನೋಬಲ ಸಣ್ಣದೇನಲ್ಲ.

ಹಾಗಾಗಿ ಯಾವ ಆಹಾರಕ್ರಮದ ಬಗ್ಗೆ ಯಾರು ಎಷ್ಟೇ ಹೊಗಳಿ ಹೇಳಲಿ, ನಾನು ಕೇಳುವುದು ಮೊದಲ ತಿಂಗಳು ಎಷ್ಟು ಕೆ.ಜಿ. ಇಳಿಯಿತು ಎಂದಲ್ಲ. ಅದು ಹಸಿವನ್ನು ಏನು ಮಾಡುತ್ತದೆ, ಎಷ್ಟು ಕಾಲದವರೆಗೆ ಮಾಡುತ್ತದೆ ಎಂದು. ಅನ್ನ, ರೊಟ್ಟಿ, ಸಕ್ಕರೆ ಬಿಡುವ, ಅಂದರೆ ಪಿಷ್ಟ (ಕಾರ್ಬೊಹೈಡ್ರೇಟ್) ತಗ್ಗಿಸುವ ಪದ್ಧತಿಯ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಆಸಕ್ತಿಕರವಾಗಿದೆ, ಏಕೆಂದರೆ ಅದು ಇಷ್ಟು ಜನಪ್ರಿಯವಾದದ್ದೇ ಹಸಿವಿನ ಕಾರಣಕ್ಕೆ.

ಈ ಪದ್ಧತಿಯ ಕಥೆ ಹಳೆಯದು. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಶವಸಂಸ್ಕಾರದ ವ್ಯವಸ್ಥೆ ಮಾಡಿಸುವ ವೃತ್ತಿಯವರು. ಅವರದು ರಾಜಮನೆತನದ ಕೆಲಸವನ್ನೂ ಮಾಡಿದ ಮನೆ. ಅರವತ್ತು ದಾಟಿದ ಮೇಲೆ ತಮ್ಮ ಬೂಟಿನ ದಾರ ಕಟ್ಟಿಕೊಳ್ಳಲೂ ಬಗ್ಗಲಾರದಷ್ಟು ದಪ್ಪಗಿದ್ದರು. ಅದಕ್ಕೂ ಎಷ್ಟೋ ಮೊದಲು ವೈದ್ಯರೊಬ್ಬರು ವ್ಯಾಯಾಮ ಮಾಡಿ ಎಂದಿದ್ದಕ್ಕೆ ಬೆಳಿಗ್ಗೆ ದೋಣಿ ಹುಟ್ಟು ಹಾಕತೊಡಗಿದ್ದರು. ತೋಳಿಗೆ ಬಲ ಬಂತು, ಜೊತೆಗೆ ಭಾರೀ ಹಸಿವೂ ಬಂತು. ಉಂಡರು, ತೂಕ ಏರಿತು. ಕಡೆಗೆ ಕಿವಿಯ ತೊಂದರೆಗೆಂದು ಹೋದಾಗ ವಿಲಿಯಂ ಹಾರ್ವಿ ಎಂಬ ವೈದ್ಯರು ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಿಸಿ ಮಾಂಸ, ಮೀನು, ತರಕಾರಿ ತಿನ್ನಿ ಎಂದರು. ಬ್ಯಾಂಟಿಂಗ್ 202 ಪೌಂಡಿನಿಂದ 156 ಪೌಂಡಿಗೆ ಇಳಿದರು, ನಮ್ಮ ಲೆಕ್ಕದಲ್ಲಿ ಸುಮಾರು 21 ಕೆ.ಜಿ. 1863ರಲ್ಲಿ ಅದನ್ನೆಲ್ಲ ಒಂದು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದರು. ದಿನಕ್ಕೆ ನಾಲ್ಕು ಹೊತ್ತು ಚೆನ್ನಾಗಿ ಉಂಡು ಇಳಿದದ್ದು ಓದುಗರಿಗೆ ಬೆರಗು ಹುಟ್ಟಿಸಿತು. ನೂರು ವರ್ಷ ಕಳೆದ ಮೇಲೆ, 1972ರಲ್ಲಿ, ನ್ಯೂಯಾರ್ಕಿನ ಹೃದಯವೈದ್ಯ ರಾಬರ್ಟ್ ಅಟ್ಕಿನ್ಸ್ ಪುಸ್ತಕ ಬರೆದಾಗ ಕೊಟ್ಟ ಭರವಸೆಯೂ ಅದೇ: ಹಸಿದಿರಬೇಕಾಗಿಲ್ಲ. ಇವತ್ತು ಬೆಂಗಳೂರಿನಲ್ಲಿ ಮನೆಬಾಗಿಲಿಗೆ ಪಿಷ್ಟ ತೀರಾ ಕಡಿಮೆಯಿರುವ ಕೀಟೊ ಊಟ ತಂದುಕೊಡುವವರು ಮಾರುತ್ತಿರುವುದೂ ಅದನ್ನೇ.

ಆ ಭರವಸೆ ಪೂರ್ತಿ ಸುಳ್ಳಲ್ಲ. ಮೊದಲ ವಾರದಲ್ಲಿ ಮೂರು ಕೆ.ಜಿ. ಇಳಿಯಿತು ಎನ್ನುವುದರಲ್ಲಿ ಹೆಚ್ಚಿನದು ನೀರು ಎಂಬುದು ನಿಜ. ಯಕೃತ್ತು ಮತ್ತು ಸ್ನಾಯುಗಳಲ್ಲಿ ನಾವು ನಾನ್ನೂರು ಐನೂರು ಗ್ರಾಂ ಗ್ಲೈಕೋಜನ್ ಕೂಡಿಟ್ಟಿರುತ್ತೇವೆ, ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಪಿಷ್ಟ ಬಿಟ್ಟ ಕೂಡಲೇ ಇವೆರಡೂ ಖಾಲಿಯಾಗುತ್ತವೆ, ಒಂದು ಹಬ್ಬದ ಊಟಕ್ಕೆ ಮತ್ತೆ ತುಂಬಿಕೊಳ್ಳುತ್ತವೆ. ಆದರೆ ಪಿಷ್ಟವನ್ನು ತೀರಾ ಕಡಿಮೆ ಮಾಡಿದಾಗ ಯಕೃತ್ತು ಕೊಬ್ಬಿನಿಂದ ಕೀಟೋನ್‌ಗಳನ್ನು ತಯಾರಿಸುತ್ತದೆ, ಅವು ರಕ್ತದಲ್ಲಿರುವಷ್ಟು ದಿನ ಹಸಿವು ತಗ್ಗುತ್ತದೆ. ಇದು ಅಳೆದು ನೋಡಿದ ಸಂಗತಿ. ಮೆಲ್ಬರ್ನಿನ ಪ್ರಿಯಾ ಸುಮಿತ್ರನ್ ಮತ್ತು ಜೋಸೆಫ್ ಪ್ರೊಯೆಟ್ಟೊ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಇಳಿದಾಗ ಸಾಮಾನ್ಯವಾಗಿ ಏರುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಕೀಟೋನ್‌ಗಳಿದ್ದಾಗ ಏರಲಿಲ್ಲ. ಎರಡು ವಾರ ಮಾಮೂಲು ಊಟಕ್ಕೆ ಮರಳಿದ್ದೇ ತಡ, ಗ್ರೆಲಿನ್ ಏರಿತು, ಹಸಿವೂ ಬಂತು.

ಅದೇ ತಂಡ 2011ರಲ್ಲಿ ಇನ್ನೂ ಗಂಭೀರವಾದ ಒಂದು ವಿಷಯ ತೋರಿಸಿತ್ತು. ಐವತ್ತು ಜನರಿಗೆ ಹತ್ತು ವಾರ ಅತಿ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟು ತೂಕ ಇಳಿಸಿ, ಒಂದು ವರ್ಷ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿದರು. ಗ್ರೆಲಿನ್ ಇನ್ನೂ ಮೇಲೆಯೇ ಇತ್ತು. ಕೊಬ್ಬಿನ ಸಂಗ್ರಹ ಸಾಕಷ್ಟಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಇನ್ನೂ ಕೆಳಗೆಯೇ ಇತ್ತು. ಹಸಿವೂ ಮೊದಲಿಗಿಂತ ಹೆಚ್ಚೇ ಇತ್ತು. ಒಂದು ವರ್ಷ ಕಳೆದರೂ ದೇಹ ಹೊಸ ತೂಕವನ್ನು ತನ್ನದೆಂದು ಒಪ್ಪಿಕೊಂಡಿರಲಿಲ್ಲ.

ಅಂದಮೇಲೆ ಕೀಟೋನ್‌ಗಳ ಆಸರೆಯಲ್ಲೇ ವರ್ಷಗಟ್ಟಲೆ ಇರಬಾರದೇಕೆ ಎಂದು ಕೇಳಬಹುದು. ಇರಬಲ್ಲವರು ಕೆಲವರಿದ್ದಾರೆ. ಹೆಚ್ಚಿನವರ ಕೈಲಿ ಆಗುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ 609 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ ಮಾಡಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎರಡನೆಯ ಗುಂಪಿನವರು ಆರಂಭದಲ್ಲಿ ದಿನಕ್ಕೆ 20 ಗ್ರಾಂ ಪಿಷ್ಟಕ್ಕೆ ಇಳಿದು, ಆಮೇಲೆ ತಮ್ಮಿಂದ ಜೀವನಪೂರ್ತಿ ಸಾಧ್ಯ ಎನಿಸುವ ಮಟ್ಟಕ್ಕೆ ಏರಿಸಿಕೊಳ್ಳಬೇಕಿತ್ತು. ವರ್ಷದ ಕೊನೆಗೆ ಅವರು ಬಂದು ನಿಂತದ್ದು ಸುಮಾರು 130 ಗ್ರಾಂಗೆ. ತೂಕ ಇಳಿದದ್ದು ಸರಾಸರಿ 6 ಕೆ.ಜಿ.; ಕೊಬ್ಬು ಬಿಟ್ಟವರದು 5.3 ಕೆ.ಜಿ. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಸರಾಸರಿಯ ಒಳಗೆ ಮಾತ್ರ ಅಜಗಜಾಂತರ: ಎರಡೂ ಗುಂಪಿನಲ್ಲಿ ಇಪ್ಪತ್ತು ಕೆ.ಜಿ.ಗೂ ಹೆಚ್ಚು ಇಳಿದವರಿದ್ದರು, ತೂಕ ಏರಿಸಿಕೊಂಡವರೂ ಇದ್ದರು. ಯಾರಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ಅವರ ವಂಶವಾಹಿಯೂ ಹೇಳಲಿಲ್ಲ, ಇನ್ಸುಲಿನ್ ಪರೀಕ್ಷೆಯೂ ಹೇಳಲಿಲ್ಲ. ನನ್ನ ಕಣ್ಣಿಗೆ ಮುಖ್ಯವಾಗಿ ಕಂಡದ್ದು ಬೇರೆ. ಕ್ಯಾಲರಿ ಎಣಿಸಿ ಎಂದು ಯಾರಿಗೂ ಹೇಳಿರಲಿಲ್ಲ. ಮೈದಾ, ಸಕ್ಕರೆ ಬಿಡಿ, ತರಕಾರಿ ಹೆಚ್ಚು ತಿನ್ನಿ, ಮನೆಯಲ್ಲೇ ಅಡುಗೆ ಮಾಡಿ ಎಂದು ಎರಡೂ ಗುಂಪಿಗೆ ಹೇಳಿದ್ದರು. ಎರಡೂ ಗುಂಪಿನವರು ತಾವಾಗಿಯೇ ಊಟ ತಗ್ಗಿಸಿದರು.

2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 121 ಪ್ರಯೋಗಗಳ, ಹದಿನಾಲ್ಕು ಹೆಸರಾಂತ ಆಹಾರಪದ್ಧತಿಗಳ ಒಟ್ಟು ಲೆಕ್ಕ ಪ್ರಕಟಿಸಿತು. ಆರು ತಿಂಗಳಿಗೆ ಹೆಚ್ಚಿನವುಗಳಿಂದ ಪ್ರಯೋಜನ ಕಂಡಿತ್ತು. ಹನ್ನೆರಡು ತಿಂಗಳಿಗೆ ಬಹುಮಟ್ಟಿಗೆ ಕರಗಿಹೋಗಿತ್ತು.

ಪಿಷ್ಟವೇ ಹಸಿವಿನ ಮೂಲ ಎನ್ನುವವರ ವಾದ ಸರಳವಾಗಿದೆ. ಅನ್ನ ತಿಂದರೆ ಸಕ್ಕರೆ ಏರುತ್ತದೆ, ಅದರ ಬೆನ್ನಿಗೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಕೊಬ್ಬನ್ನು ಕೂಡಿಹಾಕುತ್ತದೆ, ಉಳಿದ ದೇಹಕ್ಕೆ ಇಂಧನ ಸಾಲದೆ ಮತ್ತೆ ಹಸಿವು. ಹಾರ್ವರ್ಡಿನ ಡೇವಿಡ್ ಲುಡ್ವಿಗ್ ಈ ವಾದವನ್ನು ಬಹಳ ಶ್ರದ್ಧೆಯಿಂದ ಕಟ್ಟಿದ್ದಾರೆ. ಕೆವಿನ್ ಹಾಲ್ ಇದನ್ನು ನೇರವಾಗಿ ಪರೀಕ್ಷೆಗೆ ಹಚ್ಚಿದರು. ಇಪ್ಪತ್ತು ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಮಾಂಸಪ್ರಧಾನ ಕಡಿಮೆ ಪಿಷ್ಟದ ಊಟ, ಎರಡು ವಾರ ಸಸ್ಯಪ್ರಧಾನ ಕಡಿಮೆ ಕೊಬ್ಬಿನ ಊಟ ಕೊಟ್ಟು, ಬೇಕಾದಷ್ಟು ಉಣ್ಣಿ ಎಂದರು. ಪಿಷ್ಟ ಹೆಚ್ಚಿದ್ದ ಸಸ್ಯಪ್ರಧಾನ ಊಟದಲ್ಲಿ ಇನ್ಸುಲಿನ್ ಬಹಳ ಏರಿತು. ಆದರೆ ಆಗ ಅವರು ಉಂಡದ್ದು ದಿನಕ್ಕೆ 689 ಕ್ಯಾಲರಿ ಕಡಿಮೆ. ಎರಡರಲ್ಲೂ ಹೊಟ್ಟೆ ತುಂಬಿದ್ದು ಒಂದೇ ರೀತಿ ಎಂದೇ ಅವರು ಹೇಳಿದರು. 2021ರಲ್ಲಿ ಬಂದ ಈ ಫಲಿತಾಂಶವನ್ನು ಲುಡ್ವಿಗ್ ಒಪ್ಪಲಿಲ್ಲ. ಕಡಿಮೆ ಪಿಷ್ಟಕ್ಕೆ ದೇಹ ಹೊಂದಿಕೊಳ್ಳಲು ಎರಡು ವಾರ ಸಾಲದು, ಎರಡನೆಯ ವಾರದಲ್ಲಿ ಆ ಊಟದ ಪ್ರಮಾಣ ಇಳಿಯತೊಡಗಿತ್ತಲ್ಲ ಎನ್ನುವುದು ಅವರ ಕಡೆಯವರ ಆಕ್ಷೇಪ. ಅದರಲ್ಲಿ ಹುರುಳಿದೆ. ಆದರೂ ಇನ್ಸುಲಿನ್ ಏರಿದ್ದರಿಂದಲೇ ಹಸಿವು ಏರುತ್ತದೆ ಎಂಬ ಮಾತನ್ನು ಇನ್ನು ಅಷ್ಟು ಧೈರ್ಯವಾಗಿ ಹೇಳಲಾಗದು. ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ 1995ರಲ್ಲಿ 38 ತಿನಿಸುಗಳನ್ನು ಸಮಾನ ಕ್ಯಾಲರಿಯಷ್ಟು ತಿನ್ನಿಸಿ ಯಾವುದು ಹೆಚ್ಚು ಹೊತ್ತು ಹೊಟ್ಟೆ ತಡೆಯುತ್ತದೆ ಎಂದು ನೋಡಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಬೇಯಿಸಿದ ಆಲೂಗಡ್ಡೆ! ಕಟ್ಟಕಡೆಗೆ ಬಂದದ್ದು ಬೆಣ್ಣೆ ಮತ್ತು ಮೈದಾದ ಕ್ರೋಸಾಂಟ್.

ಹಾಗಾದರೆ ಕಡಿಮೆ ಪಿಷ್ಟದ ಊಟ ಬಹಳ ಜನರಿಗೆ ಹೊಟ್ಟೆ ತಡೆಯುವುದು ಹೇಗೆ? ಕೀಟೋನ್ ಒಂದು ಕಾರಣ. ಬಿಸ್ಕತ್ತು, ಬೇಕರಿ ತಿಂಡಿ, ಕುರುಕಲು, ಸಿಹಿ ಪಾನೀಯ ಒಟ್ಟಿಗೇ ಮನೆ ಬಿಟ್ಟು ಹೋಗುವುದು ಇನ್ನೊಂದು ಕಾರಣ. ಕಾರ್ಖಾನೆಯ ಸಿದ್ಧ ತಿನಿಸು ಕೊಟ್ಟಾಗ ಅದೇ ಆಸ್ಪತ್ರೆಯಲ್ಲಿ ಜನ ದಿನಕ್ಕೆ 500 ಕ್ಯಾಲರಿ ಹೆಚ್ಚು ತಿಂದದ್ದನ್ನು ಹಾಲ್ 2019ರಲ್ಲೇ ತೋರಿಸಿದ್ದರು. ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ: ಪ್ರೋಟೀನ್. ಅನ್ನ ಬಿಟ್ಟವರು ಮೊಟ್ಟೆ, ಪನೀರ್, ಮೀನು, ಕೋಳಿ ಹೆಚ್ಚು ತಿನ್ನುತ್ತಾರೆ. ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವೈಗಲ್ ತಂಡ 2005ರಲ್ಲಿ ಮಾಡಿದ ಪ್ರಯೋಗ ಚಿಕ್ಕದು, ಹತ್ತೊಂಬತ್ತೇ ಜನ, ಆದರೆ ನಮ್ಮಂಥವರು ತಪ್ಪದೆ ತಿಳಿದಿರಬೇಕಾದದ್ದು. ಅಲ್ಲಿ ಪಿಷ್ಟವನ್ನು ಮುಟ್ಟಲೇ ಇಲ್ಲ. ಊಟದ ಅರ್ಧ ಕ್ಯಾಲರಿ ಪಿಷ್ಟದ್ದೇ ಆಗಿತ್ತು. ಪ್ರೋಟೀನನ್ನು ಮಾತ್ರ ಶೇ 15ರಿಂದ 30ಕ್ಕೆ ಏರಿಸಿ, ಅಷ್ಟು ಕೊಬ್ಬು ತೆಗೆದರು. ಜನ ತಾವಾಗಿ ದಿನಕ್ಕೆ 441 ಕ್ಯಾಲರಿ ಕಡಿಮೆ ಉಂಡರು. ಹನ್ನೆರಡು ವಾರಕ್ಕೆ ಸುಮಾರು ಐದು ಕೆ.ಜಿ. ಇಳಿಯಿತು.

ಈಗ ನಮ್ಮ ತಟ್ಟೆಗೆ ಬರೋಣ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನ ಆರ್.ಎಂ. ಅಂಜನಾ, ವಿ. ಮೋಹನ್ ಮತ್ತು ಜೊತೆಗಾರರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಪ್ರಕಟವಾಯಿತು. ಅದರಲ್ಲಿ 1,21,077 ಜನರ ವಿವರಗಳಿದ್ದವು. ಭಾರತೀಯರ ಊಟದ ಕ್ಯಾಲರಿಯಲ್ಲಿ ಶೇ 62ರಷ್ಟು ಪಿಷ್ಟದ್ದು, ಪ್ರೋಟೀನಿನದು ಶೇ 12 ಮಾತ್ರ. ದಿನಕ್ಕೆ ಎರಡು ಸಾವಿರ ಕ್ಯಾಲರಿ ಉಣ್ಣುವವರಿಗೆ 310 ಗ್ರಾಂ ಪಿಷ್ಟ. ಕೀಟೊ ಪದ್ಧತಿ ಅನುಮತಿಸುವುದು ಅದರ ಆರನೇ ಒಂದು ಭಾಗವೂ ಅಲ್ಲ. ನೂರು ಗ್ರಾಂ ಹಿಟ್ಟಿನಲ್ಲಿ ತೊಳಸಿದ ಒಂದು ರಾಗಿಮುದ್ದೆಯಲ್ಲೇ ಎಪ್ಪತ್ತು ಗ್ರಾಂ ಹತ್ತಿರ ಪಿಷ್ಟ ಇರುತ್ತದೆ. ಒಂದು ಮುದ್ದೆಗೆ ದಿನದ ಲೆಕ್ಕ ಮುಗಿದು ಸಾಲವೂ ಆಯಿತು.

ಇದೇ ಸಮೀಕ್ಷೆ ಹೇಳಿದ ಇನ್ನೊಂದು ಮಾತನ್ನು ಕರ್ನಾಟಕದವರು ಗಮನವಿಟ್ಟು ಕೇಳಬೇಕು. ಪಾಲಿಶ್ ಅಕ್ಕಿಯ ಬದಲು ಇಡೀ ಗೋಧಿಯ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ಬಳಸಿ, ಒಟ್ಟು ಪಿಷ್ಟವನ್ನು ಹಾಗೆಯೇ ಇಟ್ಟುಕೊಂಡರೆ ಮಧುಮೇಹದ ಸಂಭವ ಕಡಿಮೆಯಾದದ್ದು ಕಾಣಲಿಲ್ಲ. ಕ್ಯಾಲರಿಯ ಶೇ 5ರಷ್ಟನ್ನು ಪಿಷ್ಟದಿಂದ ತೆಗೆದು ಕಾಳು, ಹಾಲು, ಮೊಟ್ಟೆ, ಮೀನಿನ ಪ್ರೋಟೀನಿಗೆ ಕೊಟ್ಟಾಗ ಕಡಿಮೆಯಾದದ್ದು ಕಂಡಿತು. ಸಮೀಕ್ಷೆಯ ಸಂಬಂಧ ಕಾರಣವಾಗಬೇಕೆಂದಿಲ್ಲ, ನಿಜ. ಆದರೂ ಅನ್ನ ಬಿಟ್ಟು ರಾಗಿ ತಿಂದೆ, ನವಣೆ ತಿಂದೆ, ತೂಕ ಮಾತ್ರ ಇಳಿಯಲಿಲ್ಲ ಎಂದು ಬೇಸರಪಡುವ ಎಷ್ಟೋ ಜನರಿಗೆ ಇಲ್ಲಿ ಉತ್ತರವಿದೆ. ರಾಗಿಯಲ್ಲಿ ಸುಣ್ಣದ ಅಂಶ ಇದೆ, ನಾರು ಇದೆ. ಪ್ರೋಟೀನ್ ಮಾತ್ರ ನೂರು ಗ್ರಾಂಗೆ ಏಳು ಗ್ರಾಂ, ಅಕ್ಕಿಯಲ್ಲಿರುವಷ್ಟೇ. ಹುರುಳಿಯಲ್ಲಿ ಅದು ಇಪ್ಪತ್ತೆರಡು ಗ್ರಾಂ ಹತ್ತಿರ ಇದೆ.

ಅಂದರೆ ಬದಲಾಗಬೇಕಾದದ್ದು ಮುದ್ದೆಗಿಂತ ಹೆಚ್ಚಾಗಿ ಅದರ ಪಕ್ಕದಲ್ಲಿರುವುದು. ಬಸ್ಸಾರು ಮಾಡುವ ಮನೆಯಲ್ಲಿ ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಬಸಿದುಳಿದ ಕಾಳು ಸೊಪ್ಪಿನಿಂದ ಪಲ್ಯ. ಪ್ರೋಟೀನ್ ಹೆಚ್ಚಿಗಿರುವುದು ಪಲ್ಯದಲ್ಲಿ. ಆದರೆ ತಟ್ಟೆಯ ನಡುವೆ ಎರಡು ಮುದ್ದೆ, ಸುತ್ತ ತುಂಬಿದ ಸಾರು, ಪಲ್ಯ ಅಂಚಿನಲ್ಲಿ ಎರಡು ಚಮಚ. ಇದನ್ನು ತಿರುಗಿಸಿ, ಮುದ್ದೆ ಒಂದು ಮಾಡಿ ಪಲ್ಯವನ್ನು ಒಂದು ಬಟ್ಟಲು ಮಾಡಿಕೊಂಡರೆ ಅಡುಗೆ ಬದಲಾಗಬೇಕಿಲ್ಲ, ಅಂಗಡಿಯಿಂದ ಬಾದಾಮಿ ಹಿಟ್ಟು ತರಬೇಕಿಲ್ಲ. ಹೆಸರುಬೇಳೆ ಕೋಸಂಬರಿ, ಕಡಲೆಕಾಳು ಉಸ್ಲಿ, ಹಿತಕಿದವರೆ, ಮೊಳಕೆ ಹುರುಳಿ, ಕರಾವಳಿಯ ಬಂಗುಡೆ, ಉತ್ತರ ಕರ್ನಾಟಕದ ಮಡಕಿ ಕಾಳು, ಗಟ್ಟಿ ಮೊಸರು, ಎಲ್ಲಕ್ಕೂ ಇದೇ ಮಾತು. ಹಬ್ಬದ ಎಲೆಯ ತುದಿಗೆ ಬಡಿಸುವ ಕೋಸಂಬರಿಗೆ ದಿನದ ಊಟದಲ್ಲಿ ಅನ್ನದಷ್ಟೇ ಜಾಗ ಕೊಡಬೇಕು ಎಂದು ನಾನು ನಿಜವಾಗಿಯೂ ನಂಬುತ್ತೇನೆ. ಮೋಹನ್ ಅವರ ತಂಡವೇ 2022ರಲ್ಲಿ ಮಧುಮೇಹ ಇಳಿಮುಖವಾಗಲು ಸೂಚಿಸಿದ ಲೆಕ್ಕ ಪಿಷ್ಟ ಶೇ 49ರಿಂದ 54, ಪ್ರೋಟೀನ್ ಶೇ 19ರಿಂದ 20. ಅರ್ಧ ತಟ್ಟೆ ಅನ್ನವೋ ಮುದ್ದೆಯೋ ಉಳಿಯುತ್ತದೆ. ಮಗಳ ಮದುವೆಯಲ್ಲಿ ಹೋಳಿಗೆ ಮುಂದೆ ಇಟ್ಟುಕೊಂಡು ಅಳುಮುಖ ಮಾಡಬೇಕಿಲ್ಲ.

ಇದಕ್ಕೂ ದುಡ್ಡು ಬೇಕು ಎಂಬುದನ್ನು ಮರೆಯಬಾರದು. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿದ ಮನೆಗಳಿಗೆ ಅಕ್ಕಿ ತಲುಪಿಸಿತು, ಅದು ದೊಡ್ಡ ಕೆಲಸ. ಕಾಳು, ಮೊಟ್ಟೆ ಮಾತ್ರ ಹೆಚ್ಚಾಗಿ ಅಂಗಡಿ ಬೆಲೆಗೇ ಕೊಳ್ಳಬೇಕು. ಇರುವ ಪಲ್ಯ ಗಂಡಸರಿಗೆ, ಮಕ್ಕಳಿಗೆ ಬಡಿಸಿ ಕೊನೆಗೆ ಕೂತ ಹೆಂಗಸಿನ ಪಾಲಿಗೆ ಉಳಿಯುವುದು ಅನ್ನ ಮತ್ತು ತಿಳಿಸಾರು. ಎರಡೇ ಗಂಟೆಯಲ್ಲಿ ಮತ್ತೆ ಹಸಿವು, ಕಾಫಿ ಜೊತೆ ನಾಲ್ಕು ಬಿಸ್ಕತ್ತು. ಆಕೆಯ ತೂಕದ ಬಗ್ಗೆ ಮಾತಾಡುವ ಮೊದಲು ಮನೆಯವರು ಬಡಿಸುವ ಕ್ರಮ ಬದಲಿಸಬೇಕು.

ಔಷಧದ ವಿಷಯ ಒಂದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಅನ್ನ ಬಿಟ್ಟರೆ ಸಕ್ಕರೆ ಅಪಾಯಕರವಾಗಿ ಇಳಿಯುತ್ತದೆ. ಕೆನಗ್ಲಿಫ್ಲೋಜಿನ್ ಜಾತಿಯವೇ ಆದ ಡಾಪಗ್ಲಿಫ್ಲೋಜಿನ್, ಎಂಪಗ್ಲಿಫ್ಲೋಜಿನ್ ಮಾತ್ರೆಯವರಿಗೆ ಕೀಟೊ ಇನ್ನೂ ಅಪಾಯ. ಸಕ್ಕರೆಯ ಅಳತೆ ಸರಿಯಾಗಿಯೇ ಇದ್ದಂತೆ ಕಂಡರೂ ರಕ್ತ ಆಮ್ಲೀಯವಾಗಿ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಿ ತೀವ್ರ ನಿಗಾ ಘಟಕ ಸೇರಬೇಕಾಗಬಹುದು. ವೈದ್ಯರಿಗೆ ತಿಳಿಸಿ, ಔಷಧ ಹೊಂದಿಸಿಕೊಂಡೇ ಊಟ ಬದಲಿಸಬೇಕು. ಗರ್ಭಿಣಿಯರು, ಮೂತ್ರಪಿಂಡದ ಕಾಯಿಲೆಯವರು ತಾವಾಗಿ ಯಾವ ಪ್ರಯೋಗಕ್ಕೂ ಇಳಿಯಬಾರದು.

ಇಳಿದ ತೂಕ ನಿಲ್ಲುವ ಮಾತು ಉಳಿಯಿತು. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಮೂವತ್ತು ವಾರಕ್ಕೆ ಸರಾಸರಿ 58 ಕೆ.ಜಿ. ಇಳಿಸಿದ್ದ ಹದಿನಾಲ್ಕು ಮಂದಿಯನ್ನು ಆರು ವರ್ಷದ ಮೇಲೆ ಪರೀಕ್ಷಿಸಿದಾಗ 41 ಕೆ.ಜಿ. ಮರಳಿ ಬಂದಿತ್ತು. ದೇಹ ಸುಮ್ಮನಿದ್ದಾಗ ಮಾಡುವ ಖರ್ಚು ಇರಬೇಕಾದ್ದಕ್ಕಿಂತ ದಿನಕ್ಕೆ 500 ಕ್ಯಾಲರಿ ಕಡಿಮೆಯೇ ಇತ್ತು. ಈಗ ಹೆಸರಾಗಿರುವ ಸೆಮಗ್ಲುಟೈಡ್ ಚುಚ್ಚುಮದ್ದು ಕೆಲಸ ಮಾಡುವುದೇ ಹಸಿವಿನ ಮೇಲೆ. ಅದನ್ನು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು. ಹಸಿವು ಎಷ್ಟು ಬಲವಾದದ್ದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೂ ಉಳಿಸಿಕೊಂಡವರಿದ್ದಾರೆ. ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ 1994ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ನೋಂದಣಿಯಲ್ಲಿ ಹದಿಮೂರು ಹದಿನಾಲ್ಕು ಕೆ.ಜಿ.ಗೂ ಹೆಚ್ಚು ಇಳಿಸಿ ಒಂದು ವರ್ಷಕ್ಕಿಂತ ಹೆಚ್ಚು ಹಿಡಿದಿಟ್ಟುಕೊಂಡ ಹತ್ತು ಸಾವಿರಕ್ಕೂ ಹೆಚ್ಚು ಜನ ಹೆಸರು ಬರೆಸಿದ್ದಾರೆ. ತಾವಾಗಿ ಮುಂದೆ ಬಂದವರು, ಹಾಗಾಗಿ ಎಲ್ಲರ ಪ್ರತಿನಿಧಿಗಳಲ್ಲ. ಹೆಚ್ಚಿನವರು ಬೆಳಗಿನ ತಿಂಡಿ ಬಿಡುವುದಿಲ್ಲ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ದಿನಕ್ಕೆ ಸುಮಾರು ಒಂದು ಗಂಟೆ ನಡೆಯುತ್ತಾರೆ ಅಥವಾ ಬೇರೆ ವ್ಯಾಯಾಮ ಮಾಡುತ್ತಾರೆ. ಅವರ ವಿವರಗಳಿಂದ ತಿಳಿದ ಒಂದು ಸಂಗತಿ ನನಗೆ ಬಹಳ ಧೈರ್ಯ ಕೊಟ್ಟಿದೆ: ಎರಡರಿಂದ ಐದು ವರ್ಷ ಹೇಗೋ ಹಿಡಿದಿಟ್ಟುಕೊಂಡವರಿಗೆ ಮುಂದೆಯೂ ಉಳಿಸಿಕೊಳ್ಳುವ ಸಾಧ್ಯತೆ ಬಹಳ ಹೆಚ್ಚುತ್ತದೆ. ನಮ್ಮ ಊರುಗಳಲ್ಲಿ ಮೂರು ತಿಂಗಳ ಪ್ಯಾಕೇಜ್ ಮಾರುವವರು ಬೇಕಾದಷ್ಟಿದ್ದಾರೆ. ತೂಕ ಇಳಿದ ಮೇಲೆ ಆರನೆಯ ತಿಂಗಳು, ಒಂದನೆಯ ವರ್ಷ, ಎರಡನೆಯ ವರ್ಷ ಕರೆದು ಕೂರಿಸಿ, "ಹಸಿವು ಹೇಗಿದೆ ಅಮ್ಮಾ, ಎಷ್ಟು ಹೊತ್ತಿಗೆ ಜಾಸ್ತಿ ಆಗುತ್ತೆ, ಆಗ ಮನೆಯಲ್ಲಿ ತಿನ್ನೋಕೆ ಏನಿರುತ್ತೆ?" ಎಂದು ಕೇಳುವ ಕ್ಲಿನಿಕ್ಕುಗಳು ಬೇಕು.